ಒಂದೇಟೂ ಹಾಕಿಲ್ಲವಲ್ಲ!

"ಮಗನನ್ನು ಒಂದೇಟೂ ಹಾಕದೆ ಬೆಳೆಸಿದವನು ನಾನು. ಅವನಿಗೆಂಥ ಡಿಪ್ರೆಶನ್ನು? ನಮ್ಮಪ್ಪ ಬೆತ್ತ ಹಿಡಿದು ಬಾರಿಸಿದವರು, ನಮಗೇನಾಗಿದೆ?"

ಹೋದ ತಿಂಗಳು ಡೊಂಬಿವಲಿಯಿಂದ ಹೊರಟ ಬೆಳಗಿನ ಲೋಕಲ್ಲಿನಲ್ಲಿ ನಮ್ಮ ಗುಂಪಿನ ಹಿರಿಯರೊಬ್ಬರು ಹೀಗೆಂದಾಗ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ನನ್ನ ಮಗನೂ ಒಂದು ವರ್ಷದಿಂದ ಅದೇ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾನೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಅವನ ಕಾಯಿಲೆ ಶುರುವಾದ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದ್ದೇನೆ. 1979ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಗಾರ್ಡನ್ ಪಾರ್ಕರ್ ಮತ್ತು ಸಂಗಡಿಗರು 25 ಸಾಲುಗಳ ಒಂದು ಪಟ್ಟಿ ಮಾಡಿದ್ದರು. ನಿಮ್ಮ ಮೊದಲ 16 ವರ್ಷಗಳಲ್ಲಿ ಅಪ್ಪ ಹೇಗಿದ್ದರು, ಅಮ್ಮ ಹೇಗಿದ್ದರು ಅಂತ ನೆನಪಿಸಿಕೊಂಡು ಗುರುತು ಹಾಕಬೇಕು. ಅಕ್ಕರೆಯ ದನಿಯಲ್ಲಿ ಮಾತಾಡುತ್ತಿದ್ದರೇ? ಹೊಗಳುತ್ತಿದ್ದರೇ? ಎಲ್ಲವೂ ತಮ್ಮ ಹಿಡಿತದಲ್ಲೇ ಇರಬೇಕೆನ್ನುತ್ತಿದ್ದರೇ? ಇಂಥವೇ ಎಲ್ಲ. ಏಟಿನ ಬಗ್ಗೆ ಒಂದೂ ಸಾಲಿಲ್ಲ ಮಾರಾಯ್ರೆ! ಅಕ್ಕರೆ ಕಡಿಮೆ, ಹಿಡಿತ ಜಾಸ್ತಿ ಇದ್ದ ಮನೆಗಳಲ್ಲಿ ಬೆಳೆದವರಲ್ಲಿ ಮುಂದೆ ಖಿನ್ನತೆ ಹೆಚ್ಚು ಅಂತ ಆಮೇಲೆ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ.

ಮಗನನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಗಿಲಲ್ಲಿ ನಿಮ್ಮ ಕೀಲಿ ಸದ್ದು ಕೇಳಿದ್ರೆ ಟಿವಿ ಆಫ್ ಮಾಡಿ ಪುಸ್ತಕ ಹಿಡೀತಿದ್ದೆ ಪಪ್ಪಾ" ಅಂದ. ನಾನು ಮನೆಯಲ್ಲಿ ಎಚ್ಚರವಿರುತ್ತಿದ್ದುದೇ ದಿನಕ್ಕೆ ಎರಡು ಗಂಟೆ, ಅದರಲ್ಲೂ ಕೇಳುತ್ತಿದ್ದದ್ದು ಮಾರ್ಕ್ಸು.

ಇದರಿಂದ ಮೆದುಳಿಗೇನು? ನೆನಪಿಗೂ, ಗಾಬರಿಗೆ ಲಗಾಮು ಹಾಕಲಿಕ್ಕೂ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗವೊಂದಿದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಖಿನ್ನತೆಯಿದ್ದ ಹೆಂಗಸರ ಪೈಕಿ ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರ ಎಡಗಡೆಯ ಹಿಪೊಕ್ಯಾಂಪಸ್ ಉಳಿದವರದಕ್ಕಿಂತ ಸರಾಸರಿ ಶೇ. 18 ಚಿಕ್ಕದಿತ್ತು. ಕೇವಲ 32 ರೋಗಿಗಳ ಅಧ್ಯಯನ, ಅದೂ ತೀವ್ರ ದೌರ್ಜನ್ಯದ್ದು. ನನ್ನ ಮನೆಗೆ ನೇರ ಅನ್ವಯಿಸುವುದಿಲ್ಲ, ಗೊತ್ತು. ಆದರೆ ಕೆನಡಾದ ಮೈಕೆಲ್ ಮೀನಿಯವರ ಇಲಿಗಳಲ್ಲಿ ಹೊಡೆತ ಬಡಿತ ಏನೂ ಇರಲಿಲ್ಲ. ಕೆಲವು ತಾಯಿಲಿಗಳು ಮರಿಗಳನ್ನು ಹೆಚ್ಚು ನೆಕ್ಕುತ್ತಿದ್ದವು, ಕೆಲವು ಕಡಿಮೆ, ಅಷ್ಟೇ. ಕಡಿಮೆ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೂ ಬೇಗ ಬೆದರುತ್ತಿದ್ದವು. ಅವುಗಳ ಹಿಪೊಕ್ಯಾಂಪಸ್ಸಿನಲ್ಲಿ ಒತ್ತಡದ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳೇ ಕಡಿಮೆ ಇದ್ದವು. ಅಂಥ ತಾಯಿಯ ಮರಿಯನ್ನು ಹುಟ್ಟಿದ ಕೂಡಲೇ ಹೆಚ್ಚು ನೆಕ್ಕುವ ತಾಯಿಯ ಹತ್ತಿರ ಬಿಟ್ಟರೆ ಅದು ಸಾಕುತಾಯಿಯ ಮಕ್ಕಳ ಹಾಗೇ ಆಗುತ್ತಿತ್ತು. ಅಂದರೆ ರಕ್ತಗುಣ ಒಂದೇ ಅಲ್ಲ, ಸಾಕಿದ ರೀತಿಯೂ ಮೆದುಳಿಗೆ ತಲುಪುತ್ತದೆ. (ಇಲ್ಲೂ ಎಲ್ಲ ತಾಯಿಯ ತಲೆಗೇ! ತಂದೆ ಇಲಿ ಎಲ್ಲಿಗೆ ಹೋಗಿತ್ತೋ, ಲೋಕಲ್ ಹಿಡಿಯಲಿಕ್ಕಿರಬೇಕು.)

ಹಾಗಂತ ಮಗನ ಕಾಯಿಲೆಯೆಲ್ಲ ನನ್ನಿಂದಲೇ ಬಂತು ಅಂತ ಎದೆ ಬಡಿದುಕೊಳ್ಳುವುದೂ ಒಂದು ಥರದ ಜಂಭವೇ. ವಂಶದಲ್ಲೇ ಇದ್ದಿರಬಹುದು, ಕೆಲಸದ ಒತ್ತಡವೂ ಇರಬಹುದು. ಮನಸ್ಸು ಕುಗ್ಗಿದಾಗ ಹಳೆಯ ಕಹಿಯೇ ಹೆಚ್ಚು ನೆನಪಾಗುವುದೂ ಉಂಟು. ಇಂಥ ಬಾಲ್ಯ ಕಳೆದೂ ಆರಾಮಾಗಿರುವವರು ಬೇಕಾದಷ್ಟಿದ್ದಾರೆ. ಸರಾಸರಿಯ ಲೆಕ್ಕ ಒಬ್ಬ ಹುಡುಗನ ಜಾತಕವಲ್ಲ.

ಆದರೂ "ಒಂದೇಟೂ ಹಾಕಿಲ್ಲ" ಅನ್ನುವುದನ್ನು ನಾವು ಅಪ್ಪಂದಿರು ಸರ್ಟಿಫಿಕೇಟಿನ ಹಾಗೆ ತೋರಿಸುವುದನ್ನು ಇನ್ನಾದರೂ ಬಿಡಬೇಕು. ಹೊಡೆಯಬಾರದು, ಸರಿಯೇ. ಆದರೆ ಹೊಡೆಯದಿರುವುದು ಮತ್ತು ಅಕ್ಕರೆ ತೋರಿಸುವುದು ಬೇರೆ ಬೇರೆ ಲೆಕ್ಕ. ಮಗ ಮಾತ್ರೆಗೆ ಕೈಚಾಚುವಾಗ ಈ ಸರ್ಟಿಫಿಕೇಟು ಎದುರು ಹಿಡಿದರೆ, "ನಿನ್ನ ನೋವು ಸುಳ್ಳು" ಅಂದ ಹಾಗೆಯೇ ಕೇಳಿಸುತ್ತದೆ. ನನ್ನವನಿಗೆ ಹಾಗೇ ಕೇಳಿಸಿತಂತೆ.

ಆ ಹಿರಿಯರ ಪಕ್ಕ ಸೀಟು ಸಿಕ್ಕಿದ ದಿನ ನನ್ನ ಮಗನ ವಿಷಯ ಹೇಳಬೇಕೆಂದಿದ್ದೇನೆ. ಠಾಣೆ ಬರುವುದರೊಳಗೆ ಬಾಯಿ ಬಂದರೆ.