ಶಾಲೆಯಲ್ಲಿ ಕಿರುವಿಮಾನ ನಿರ್ಮಾಣ: ಒಂದು ವಿಚಾರ

‘ವಿಮಾನ’ವೆಂಬ ಶಬ್ದವು ನಮ್ಮ ಸೀಮೆಯವರಿಗೆ ಎರಡು ಅರ್ಥಗಳಲ್ಲಿ ಪರಿಚಿತವಾಗಿದೆ. ಆಕಾಶದಲ್ಲಿ ಹಾರುವ ಯಂತ್ರವೊಂದು. ದೇವಾಲಯದ ಗರ್ಭಗೃಹವೂ ಅದರ ಮೇಲಣ ಶಿಖರವೂ ಸೇರಿದ ಕಟ್ಟಡ ಇನ್ನೊಂದು. ಈ ಶಬ್ದದೊಳಗಿರುವ ‘ಮಾ’ ಧಾತುವಿಗೆ ಅಳೆಯುವುದೆಂದು ಅರ್ಥ. ಅಳತೆಯು ತಪ್ಪಿದರೆ ಎರಡೂ ನಿಲ್ಲಲಾರವು. ಈ ಅಳತೆಯ ವಿದ್ಯೆಯನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಕೈಯಾರೆ ಕಲಿಯುವುದಕ್ಕೆ ರೇಡಿಯೋ ನಿಯಂತ್ರಿತ ಕಿರುವಿಮಾನಗಳ ನಿರ್ಮಾಣವು ಉತ್ತಮ ಸಾಧನವೆಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆಂದು ಕೇಳುವವರು ಮುಂದಿನ ಮಾತುಗಳನ್ನು ಸಾವಧಾನವಾಗಿ ಪರಾಂಬರಿಸಬೇಕೆಂದು ಪ್ರಾರ್ಥನೆ.

ಕಿರಿದಾಗಿ ರಚಿಸಿ ಹಿರಿದನ್ನು ಅರಿಯುವ ಪದ್ಧತಿಯು ನಮ್ಮ ನೆಲಕ್ಕೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲುಗಳ ಇಕ್ಕೆಲಗಳಲ್ಲಿ ಶಿಖರಸಹಿತವಾದ ಕಿರುಗುಡಿಗಳು ನಿಂತಿವೆ. ಆ ದೇವಾಲಯದ ಮೂಲ ಶಿಖರವು ಇಂದು ಉಳಿದಿಲ್ಲ. ಅದು ಹೇಗಿದ್ದಿರಬಹುದೆಂದು ಊಹಿಸುವ ವಿದ್ವಾಂಸರಿಗೆ ಈ ಕಿರುಗುಡಿಗಳೇ ಆಧಾರ. 1220ರ ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ತಳವಿನ್ಯಾಸವನ್ನು ನೋಡಿದವರಿಗೆ ಆ ಶಿಲ್ಪಿಗಳ ಅಳತೆಯ ಶುದ್ಧಿಯನ್ನು ಬಣ್ಣಿಸಬೇಕಾಗಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಕೈಗಳ ವಾರಸುದಾರರೆಂದು ಹೇಳಿಕೊಳ್ಳುವ ನಮ್ಮ ಮಕ್ಕಳು ಹತ್ತನೆಯ ತರಗತಿಯನ್ನು ದಾಟುವವರೆಗೆ ಒಂದು ಹಲಗೆಯನ್ನಾದರೂ ಅಳೆದು ಕೊಯ್ದಿರುವುದಿಲ್ಲವೆಂಬುದನ್ನು ಯೋಚಿಸಬೇಕಲ್ಲವೆ?

ಹಾರುವ ಯಂತ್ರದ ಚರಿತ್ರೆಯೂ ಇದನ್ನೇ ಸಾರುತ್ತದೆ. ಫ್ರಾನ್ಸಿನ ಆಲ್ಫಾನ್ಸ್ ಪೆನೋ 1871ರಲ್ಲಿ ರಬ್ಬರಿನ ಎಳೆಗಳನ್ನು ಹೊಸೆದು ಅದರ ಬಲದಿಂದ ಪುಟ್ಟ ವಿಮಾನವನ್ನು ಹಾರಿಸಿದನು. ಅವನ ರಚನೆಯನ್ನು ಅನುಸರಿಸಿದ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ರೈಟ್ ಎಂಬ ಪಾದ್ರಿಗಳು ತಮ್ಮ ಮಕ್ಕಳಿಗೆ ತಂದುಕೊಟ್ಟರು. ಮುರಿದ ಆ ಆಟಿಕೆಯನ್ನು ತಾವೇ ಪುನಃ ಕಟ್ಟತೊಡಗಿದ ಆ ಸೋದರರು 1903ರ ಡಿಸೆಂಬರ್ 17ರಂದು ಮನುಷ್ಯನನ್ನು ಹೊತ್ತ ವಿಮಾನವನ್ನು ಹಾರಿಸಿದರು. ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯು ‘ಮಾರುತ’ವೆಂಬ ಯುದ್ಧವಿಮಾನವನ್ನು 1961ರಲ್ಲಿ ಹಾರಿಸುವ ಮುನ್ನ, ಅದೇ ಆಕಾರದ ಮರದ ಗ್ಲೈಡರೊಂದನ್ನು ನಿರ್ಮಿಸಿ 1959ರಿಂದ ಹಾರಿಸಿ ಪರೀಕ್ಷಿಸಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಪ್ರಾಚೀನರು ವಿಮಾನಗಳನ್ನು ಹಾರಿಸುತ್ತಿದ್ದರೆಂದು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಪ್ರಮಾಣವೆಂದು ಉಲ್ಲೇಖಿಸುವ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಪರಿಶೀಲಿಸಿ, ಅದು 20ನೆಯ ಶತಮಾನದ ರಚನೆಯೆಂದೂ ಅದರಲ್ಲಿ ವರ್ಣಿತವಾದ ಯಂತ್ರಗಳು ಹಾರಲಾರವೆಂದೂ ನಿರ್ಣಯಿಸಿದರು. ಸಂಸ್ಕೃತವನ್ನು ಓದಿದವನಾಗಿಯೇ ಹೇಳುತ್ತೇನೆ, ಆ ನಿರ್ಣಯದಿಂದ ಸಂಸ್ಕೃತಕ್ಕಾಗಲಿ ನಮ್ಮ ಪೂರ್ವಿಕರಿಗಾಗಲಿ ಯಾವ ಕುಂದೂ ಇಲ್ಲ. ಒಂದು ಮೊಳದ ರೆಕ್ಕೆಯನ್ನು ತಾನೇ ಕಟ್ಟಿದ ಬಾಲಕನು ಇಂತಹ ಗ್ರಂಥವನ್ನು ಓದುವಾಗ ‘ಇದರ ತೂಕವೆಷ್ಟು, ಇದನ್ನು ಎತ್ತುವ ಬಲ ಯಾವುದು?’ ಎಂದು ಕೇಳುವನು. ಆ ಪ್ರಶ್ನೆಯೇ ವಿದ್ಯೆಯ ಲಕ್ಷಣ.

13ನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಸೂತ್ರವನ್ನು ಹೇಳಿ, ವೃತ್ತಿಯಿಂದ ಬಿಡಿಸಿ, ಪ್ರಯೋಗದಿಂದ ಸ್ಥಿರಪಡಿಸಿದನು. ನಮ್ಮ ವಿಜ್ಞಾನದ ತರಗತಿಗಳಲ್ಲಿ ಸೂತ್ರವುಂಟು, ವೃತ್ತಿಯುಂಟು; ಪ್ರಯೋಗಕ್ಕೆ ಮಾತ್ರ ಅಭಾವ. ಕಿಟ್ಟಿನ ಪೆಟ್ಟಿಗೆಯು ಈ ಕೊರತೆಯನ್ನು ತುಂಬಬಲ್ಲದು. ಅದರಲ್ಲಿರುವುದು ನಕ್ಷೆ ಮತ್ತು ಹಗುರವಾದ ಬಾಲ್ಸಾ ಮರದ ಅಥವಾ ಫೋಮಿನ ತುಣುಕುಗಳು. ಮೋಟಾರು, ಬ್ಯಾಟರಿ, ರಿಸೀವರು, ಸರ್ವೋಗಳನ್ನು ಬಹುಮಟ್ಟಿಗೆ ಬೇರೆಯಾಗಿಯೇ ಕೊಳ್ಳಬೇಕು. ರೆಕ್ಕೆಯ ಉದ್ದಕ್ಕೂ ತೊಲೆ, ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳು. ಒಂದು ರೆಕ್ಕೆ ತುಸು ತಿರುಚಿಕೊಂಡರೂ ವಿಮಾನವು ಒಂದೇ ಕಡೆಗೆ ವಾಲುವುದು. ಗುರುತ್ವಕೇಂದ್ರವು ಸಾಮಾನ್ಯವಾಗಿ ರೆಕ್ಕೆಯ ಮುಂಚೂಣಿಯಿಂದ ಅದರ ಅಗಲದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಇರಬೇಕು. ಬಾಲ ಭಾರವಾದರೆ ಮೂತಿ ಮೇಲೆದ್ದು, ಎತ್ತುವ ಬಲ ತಪ್ಪಿ, ವಿಮಾನವು ನೆಲಕ್ಕೆ ಬೀಳುವುದು. ನಮ್ಮತ್ತ ಹಾರಿಬರುವ ವಿಮಾನಕ್ಕೆ ನಮ್ಮ ಎಡವೇ ಬಲವೆಂಬುದನ್ನು ಚಾಲಕನು ಕ್ಷಣಮಾತ್ರದಲ್ಲಿ ಗ್ರಹಿಸಬೇಕು. ಗುಂಡಿಯೊತ್ತಿದೊಡನೆ ಹಾರುವ ಸಿದ್ಧ ಆಟಿಕೆಯಿಂದ ಈ ಪಾಠಗಳು ದೊರೆಯಲಾರವು. ಆದುದರಿಂದ ನಾನು ಕೇಳುತ್ತಿರುವುದು ಆಟಿಕೆಯನ್ನಲ್ಲ.

ಅಪಾಯದ ಶಂಕೆಯು ಸಹಜವೇ. 2021ರ ಡ್ರೋನ್ ನಿಯಮಗಳು ಇದಕ್ಕೆ ಮೇರೆಗಳನ್ನು ಹಾಕಿವೆ. 250 ಗ್ರಾಂ ಮೀರದ ನ್ಯಾನೋ ವರ್ಗವನ್ನು ಹಾರಿಸಲು ಚಾಲನಾ ಪರವಾನಗಿ ಬೇಕಿಲ್ಲ. ಆದರೂ ಯಾವ ವಲಯದಲ್ಲಿ ಹಾರಾಟಕ್ಕೆ ನಿರ್ಬಂಧವಿದೆಯೆಂಬುದನ್ನು ಸರ್ಕಾರದ ನಕಾಶೆಯಲ್ಲಿ ನೋಡಿಕೊಂಡೇ ಹೊರಡಬೇಕು. ದೇವಾಲಯಗಳ ಮೇಲೆ, ಜನರ ತಲೆಯ ಮೇಲೆ, ವಿದ್ಯುತ್ತಂತಿಗಳ ಬಳಿ ಹಾರಿಸುವ ಮಾತೇ ಕೂಡದು. ಲಿಥಿಯಂ ಬ್ಯಾಟರಿಗೆ ಅಧ್ಯಾಪಕರ ಕಣ್ಣೆದುರೇ ವಿದ್ಯುತ್ತನ್ನು ತುಂಬಬೇಕು. ತೆಂಗಿನ ತೋಟಗಳಿಂದ ದೂರವಾದ, ರಾಗಿಯ ಕೊಯ್ಲು ಮುಗಿದ ಹೊಲವೊಂದು, ಒಡೆಯರ ಸಮ್ಮತಿಯೊಡನೆ, ಇದಕ್ಕೆ ಸಾಕು. ಎನ್.ಸಿ.ಸಿ.ಯ ವಾಯುದಳದಲ್ಲಿ ಕಿರುವಿಮಾನ ನಿರ್ಮಾಣವು ಶಿಕ್ಷಣದ ಅಂಗವೇ ಆಗಿರುವುದನ್ನೂ ಗಮನಿಸಬೇಕು.

ವೆಚ್ಚದ ವಿಷಯದಲ್ಲಿ ದಾನಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಕಟ್ಟಡಕ್ಕೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ. ದಾನಿಯ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಕಿರುವಿಮಾನವಾದರೋ ಮುರಿಯುತ್ತದೆ, ಮೊದಲನೆಯ ದಿನವೇ ಮುರಿಯಬಹುದು. ಮುರಿದುದನ್ನು ಅಂಟಿಸಿ, ಕಾರಣವನ್ನು ಬರೆದಿಟ್ಟು, ಮತ್ತೆ ಹಾರಿಸುವುದೇ ಇಲ್ಲಿಯ ಪಾಠವಾದುದರಿಂದ ಆ ಹಣವು ವ್ಯರ್ಥವಾಯಿತೆಂದು ತಿಳಿಯಬಾರದು. ಒಂದು ಕೊಠಡಿ, ಎರಡು ಮೇಜುಗಳು, ನಾಲ್ಕು ಕಿಟ್ಟುಗಳು, ಶನಿವಾರದ ಎರಡು ಗಂಟೆಗಳು. ಆರಂಭಕ್ಕೆ ಇಷ್ಟು ಸಾಕು. ಬೆಂಗಳೂರಿನ ಕಾರ್ಖಾನೆ, ಪ್ರಯೋಗಶಾಲೆಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ಬಂದು ಮಕ್ಕಳ ಜೊತೆ ಕುಳಿತರೆ ಅದು ಹಣಕ್ಕಿಂತ ಮಿಗಿಲಾದ ದಾನ. ಭಾಗಗಳಿಗೆ ಕನ್ನಡದ ಹೆಸರುಗಳನ್ನು ಕೂಡಿಸಿಕೊಡುವ ಹೊಣೆಯನ್ನು ನಾನು ಹೊರುತ್ತೇನೆ. ಆಡಳಿತ ಮಂಡಲಿಯವರು ಈ ಸೂಚನೆಯನ್ನು ಮುಂದಿನ ವರ್ಷದ ಆಯವ್ಯಯದಲ್ಲಿ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.