ಕೊಟ್ಟಿಗೆಯ ಇಂಧನ

ಹೊಸನಗರದ ಕಡೆಯ ಗೃಹಸ್ಥರೊಬ್ಬರು ನಮ್ಮನ್ನು ಹೀಗೆ ಕೇಳಿದ್ದಾರೆ: ಕೊಟ್ಟಿಗೆಯಲ್ಲಿ ಎಂಟು ರಾಸುಗಳಿದ್ದಾಗ ತಂದೆಯವರು ಕಟ್ಟಿಸಿದ ಗೋಬರ್ ಗ್ಯಾಸ್ ಗುಂಡಿಯಿದೆ, ಈಗ ಉಳಿದಿರುವುವು ಮಿಶ್ರತಳಿಯ ಮೂರೇ ಹಸುಗಳು. ಗುಂಡಿಯನ್ನು ಮುಚ್ಚಿ ಅಡಿಗೆಗೆಲ್ಲ ಸಿಲಿಂಡರನ್ನೇ ನೆಚ್ಚಬಹುದೆ? ಸಾಗರ, ತೀರ್ಥಹಳ್ಳಿಗಳ ಎಷ್ಟೋ ಮನೆಗಳಲ್ಲಿಯೂ ಇದೇ ಪ್ರಶ್ನೆ ಇರುವುದರಿಂದ ಕೊಂಚ ವಿಸ್ತಾರವಾಗಿ ಉತ್ತರಿಸುತ್ತೇವೆ.

ಸಸ್ಯದಿಂದಲೂ ಸಗಣಿಯಿಂದಲೂ ಇಂಧನವನ್ನು ಪಡೆಯಬೇಕೆಂಬುದು ಸರ್ಕಾರದವರಿಗೆ ಹೊಸ ಹಂಬಲವೇನಲ್ಲ. ಪೆಟ್ರೋಲಿಗೆ ಮದ್ಯಸಾರವನ್ನು ಬೆರಸುವುದಕ್ಕೆ 1948ರಲ್ಲಿಯೇ ಕೇಂದ್ರದಲ್ಲಿ ಕಾಯಿದೆಯಾಗಿತ್ತು. 2009ರ ಕರ್ನಾಟಕದ ಜೈವಿಕ ಇಂಧನ ನೀತಿ ಹೊಂಗೆ, ಹಿಪ್ಪೆ, ಬೇವುಗಳನ್ನು ಬೆಳಸಲು ಹೇಳಿತು. ಕೇಂದ್ರದ 2018ರ ನೀತಿ ಎಥನಾಲಿನ ಕಡೆಗೆ ಹೆಚ್ಚು ವಾಲಿತು. ಇವೆಲ್ಲ ಬಹುಮಟ್ಟಿಗೆ ವಾಹನಗಳ ಮಾತು. ಅಡಿಗೆಮನೆಯವರೆಗೆ ಬಂದುದು 1981-82ರಲ್ಲಿ ಆರಂಭವಾದ ರಾಷ್ಟ್ರೀಯ ಜೈವಿಕ ಅನಿಲ ಯೋಜನೆ. ಜೋಗದ ವಿದ್ಯುತ್ತು 1948ರಿಂದ ದೂರದೂರದ ಊರುಗಳನ್ನು ಬೆಳಗುತ್ತಿದ್ದರೂ ಇಲ್ಲಿಯ ಗೃಹಿಣಿಯರು ಆಷಾಢದ ಹಸಿ ಸೌದೆಯನ್ನು ಊದಿ ಕಣ್ಣು ಕೆಂಪಾಗಿಸಿಕೊಳ್ಳುವುದು ತಪ್ಪಿರಲಿಲ್ಲವಷ್ಟೆ! ಮೊದಲಿನ ಮಾದರಿಯ ಕಬ್ಬಿಣದ ಡ್ರಮ್ಮು ಮಲೆನಾಡಿನ ಮಳೆಗೆ ತುಕ್ಕು ಹಿಡಿಯುತ್ತಿತ್ತು. 1984ರಲ್ಲಿ ಬಂದ ‘ದೀನಬಂಧು’ ಮಾದರಿಯ ಇಟ್ಟಿಗೆಯ ಗುಮ್ಮಟಕ್ಕೆ ಆ ಕಾಟವಿಲ್ಲ.

ಇನ್ನು ಲೆಕ್ಕ. ಒಂದು ಘನಮೀಟರು ಅನಿಲಕ್ಕೆ ದಿನವೂ ಸುಮಾರು 25 ಕಿಲೋ ಹಸಿ ಸಗಣಿಯೂ ಅಷ್ಟೇ ನೀರೂ ಬೇಕು. ಮಿಶ್ರತಳಿಯ ಹಸುವೊಂದರಿಂದ 10 ಕಿಲೋ ದೊರೆಯುತ್ತದೆ. ಮಲೆನಾಡು ಗಿಡ್ಡ ಅಷ್ಟು ಕೊಡಲಾರದು. ಮೇಯಲು ಬಿಟ್ಟರೆ ಅದರಲ್ಲಿಯೂ ಅರ್ಧ ಕಾಡಿನ ಪಾಲು. ಅಂತೂ ಈ ಮೂರು ಹಸುಗಳಿಂದ ಮೂರು ನಾಲ್ಕು ಮಂದಿಯ ಅಡಿಗೆ ಸಾಗುತ್ತದೆ. ಮಳೆಗಾಲದ ಥಂಡಿಯಲ್ಲಿ ಅನಿಲ ಕಡಿಮೆಯಾಗುವುದು ಸಹಜ. ಬಚ್ಚಲ ಒಲೆಗೂ ಅಡಕೆ ಬೇಯಿಸುವ ಹಂಡೆಗೂ ಸೌದೆಯೇ ಗತಿ.

ಸರ್ಕಾರದ ಸಹಾಯಧನ ಮುಖ್ಯವಾಗಿ ಗುಂಡಿ ಕಟ್ಟುವುದಕ್ಕೆ. 2022ರ ಕಾರ್ಯಕ್ರಮದಲ್ಲಿಯೂ ಕ್ರಮ ಅದೇ. ಮಕ್ಕಳು ಬೆಂಗಳೂರು ಸೇರಿದ ಮನೆಯಲ್ಲಿ ಆ ಗುಂಡಿಗೆ ನಿತ್ಯವೂ ಸಗಣಿ ಹೊರುವವರಾರು ಎಂಬುದನ್ನು ನೀತಿ ಬರೆದವರು ಯೋಚಿಸಿದಂತೆ ನಮಗೆ ತೋರದು.

ಆದುದರಿಂದ, ಹಸುಗಳಿರುವವರೆಗೆ ಗುಂಡಿಯನ್ನು ಮುಚ್ಚಬೇಡಿರಿ. ಸಿಲಿಂಡರು ಮಳೆಗಾಲಕ್ಕೂ ನೆಂಟರು ಬಂದ ದಿನಕ್ಕೂ ಇರಲಿ. ಸೋಪಿನ ನೀರು, ಫಿನೈಲು ಗುಂಡಿಗೆ ಬೀಳದಂತೆ ನೋಡಿಕೊಳ್ಳಿರಿ. ಹೊರಬರುವ ಬಗ್ಗಡ ಅಡಕೆ ಮರದ ಬುಡಕ್ಕಾಗುತ್ತದೆ; ಸಿಲಿಂಡರಿನಿಂದ ಆ ಲಾಭವಿಲ್ಲ. ಆದರೆ ಮನೆಯಲ್ಲಿ ಸಗಣಿ ಬಾಚುವವರು ವಯಸ್ಸಾದ ತಾಯಿಯವರೊಬ್ಬರೇ ಆಗಿದ್ದರೆ ನಮ್ಮ ಉತ್ತರ ಬೇರೆ: ಸಂಕೋಚವಿಲ್ಲದೆ ಮುಚ್ಚಿಸಿರಿ. ಮುಚ್ಚುವಾಗ ಮಾತ್ರ ಯಾರೂ ಗುಂಡಿಯೊಳಗೆ ಇಳಿಯಕೂಡದು. ಒಳಗೆ ಉಳಿದ ಅನಿಲದಿಂದ ಪ್ರಾಣಾಪಾಯವುಂಟು.