ಆರೈಕೆಗೆ ಮನಸ್ಸೊಂದೇ ಸಾಕೇ?

ಹಾಸಿಗೆ ಹಿಡಿದ ಹಿರಿಯರ ಮಾತು ಬಂದಾಗಲೆಲ್ಲ, ಅವಿಭಕ್ತ ಕುಟುಂಬ ಒಡೆದದ್ದೇ ಈ ಕಷ್ಟಕ್ಕೆಲ್ಲ ಮೂಲ ಎನ್ನುವವರಿದ್ದಾರೆ. ನನಗೆ ಅದು ಅಷ್ಟು ಖಚಿತವಾಗಿ ಕಾಣುವುದಿಲ್ಲ. ಸಮಾಜಶಾಸ್ತ್ರಜ್ಞ ಎ. ಎಂ. ಶಾ ಅವರು ಗುಜರಾತಿನ ಹಳ್ಳಿಯೊಂದರ 1825ರ ಗಣತಿ ದಾಖಲೆಗಳನ್ನು ಪರಿಶೀಲಿಸಿದಾಗ, ಅಲ್ಲಿ ಆಗಲೇ ಚಿಕ್ಕ ಸಂಸಾರಗಳೇ ಹೆಚ್ಚಾಗಿದ್ದುದು ತಿಳಿದುಬಂತು. ಒಂದು ಹಳ್ಳಿಯಿಂದ ದೇಶದ ಚರಿತ್ರೆ ಹೇಳಲಾಗದು, ನಿಜ. ಆದರೂ ತುಂಬಿದ ಮನೆಗಳಲ್ಲಿ ಆರೈಕೆ ಎಲ್ಲರಿಗೂ ಹಂಚಿಹೋಗುತ್ತಿತ್ತು ಎಂದು ನಂಬುವ ಮುನ್ನ, ಅಜ್ಜಿಯ ಮೈ ಒರೆಸಿ, ಗಂಜಿ ಕುಡಿಸಿ, ರಾತ್ರಿ ಎದ್ದು ಮಗ್ಗುಲು ಬದಲಿಸುತ್ತಿದ್ದವರು ಯಾರೆಂದು ನೆನಪಿಸಿಕೊಳ್ಳಿ. ಹತ್ತು ಜನರಿದ್ದರೂ ಅದು ಬಹುಮಟ್ಟಿಗೆ ಒಬ್ಬ ಸೊಸೆಯ ಪಾಲಿಗೇ ಬರುತ್ತಿತ್ತು.

ಇಂದಿಗೂ ಚಿತ್ರ ತೀರಾ ಬದಲಾಗಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವರ್ಷದವರಲ್ಲಿ ಮನೆಯವರ ಆರೈಕೆಗೆ ಕೈಹಚ್ಚಿದ ಮಹಿಳೆಯರು ಶೇ. 41, ಪುರುಷರು ಶೇ. 21.4. ಹಾಗೆ ಕೈಹಚ್ಚಿದವರಲ್ಲೂ ಮಹಿಳೆಯರು ದಿನಕ್ಕೆ ಸುಮಾರು 140 ನಿಮಿಷ ವ್ಯಯಿಸಿದರೆ, ಪುರುಷರು 74 ನಿಮಿಷ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ ಎಂಬುದನ್ನು ಮರೆಯಬಾರದು.

ಮನಸ್ಸಿದ್ದರೆ ಮಾರ್ಗ ಎನ್ನುತ್ತಾರೆ. ಮನಸ್ಸು ಬೇಕು, ಅಲ್ಲಗಳೆಯಲಾರೆ. ಆದರೆ ರಜೆಯ ಸೌಲಭ್ಯವಿರುವ ನೌಕರ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ದರೆ ಆ ದಿನದ ಸಂಬಳ ಹಾಗೇ ಬರುತ್ತದೆ. ಗಾರೆ ಕೆಲಸದವನು ಕರೆದೊಯ್ದರೆ ಅಂದಿನ ಕೂಲಿ ಹೋಯಿತು. ವಾರಕ್ಕೆ ಎರಡು ಮೂರು ಸಲ ಹೀಗಾದರೆ ಮನೆಗೆ ರೇಷನ್ ತರುವುದು ಹೇಗೆ? ಅಪ್ಪನ ಮೇಲಿನ ಪ್ರೀತಿ ಇಬ್ಬರಿಗೂ ಒಂದೇ ಇರಬಹುದು. ಒಂದು ದಿನ ತಪ್ಪಿಸಿದವನಿಗೆ ಕಾಳಜಿಯಿಲ್ಲ ಎಂದುಬಿಟ್ಟರೆ, ಬಡತನವನ್ನು ಸ್ವಭಾವದ ದೋಷವೆಂದು ತಿಳಿದಂತಾಗುತ್ತದೆ.

ಸೇವೆಯಲ್ಲೇ ನೆಮ್ಮದಿ ಎಂಬ ಮಾತನ್ನೂ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ತಾನಾಗಿ ಒಪ್ಪಿಕೊಂಡವರಿಗೆ, ರಾತ್ರಿ ನಿದ್ದೆ ಸಿಗುವವರಿಗೆ, ನಡುವೆ ಕೈಬದಲಿಸಲು ಇನ್ನೊಬ್ಬರಿರುವವರಿಗೆ ಅದು ನಿಜವಿರಬಹುದು. ವರ್ಷಗಟ್ಟಲೆ ಒಬ್ಬಳೇ ನೋಡಿಕೊಂಡವಳ ಬೆನ್ನುನೋವಿಗೆ ಮಾತ್ರ ತ್ಯಾಗಮಯಿ ಎಂಬ ಹೊಗಳಿಕೆ ಮದ್ದಲ್ಲ.

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯಲ್ಲಿ 'ಮಕ್ಕಳು' ಎಂದರೆ ಮಗ, ಮಗಳು, ಮೊಮ್ಮಕ್ಕಳು. ಅಲ್ಲಿ ಸೊಸೆಯ ಹೆಸರಿಲ್ಲ. ಅವಳನ್ನೂ ಅಳಿಯನನ್ನೂ ಸೇರಿಸಲು 2019ರಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಇದನ್ನು ನ್ಯಾಯವೆನ್ನುವವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಸೊಸೆಯಂತೂ ಈಗಾಗಲೇ ಮಾಡುತ್ತಿದ್ದಾಳೆ. ಅವಳಿಗೆ ಬೇಕಿರುವುದು ಇನ್ನೊಂದು ಹೊಣೆಯಲ್ಲ. ಕಳೆದುಕೊಂಡ ಕೂಲಿಯನ್ನು ತುಂಬಿಕೊಡುವ, ವಾರಕ್ಕೊಂದು ದಿನವಾದರೂ ತರಬೇತಿ ಪಡೆದವರೊಬ್ಬರನ್ನು ಮನೆಗೆ ಕಳಿಸುವ ಏರ್ಪಾಡು ಬೇಕು. ಅದರ ಖರ್ಚು ಸರ್ಕಾರದ್ದಾಗಬೇಕು.